ಮಾವನವರ ತಲೆಯ ಹಿಂದಿನ ಬೆಳಕು

ನಮ್ಮ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಬೇರೆಯವರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಗದ್ದಲ ಕಡಿಮೆಯಾಗುತ್ತದಂತೆ. ನಮ್ಮ ಮಾವನವರು ಬದುಕಿದ್ದಾಗ ಮಾಡಿದ್ದಕ್ಕಿಂತ ಹೋದ ಮೇಲೆ ಮಾಡಿದ ಗದ್ದಲವೇ ಹೆಚ್ಚು.

೧. ಇದ್ದ ಒಂದೇ ಫೋಟೋ

ನಾವಿರುವುದು ಕಾಗವಾಡದ ಕಡೆ. ಕ್ರೈಸ್ತರ ಮನೆ ಕೈಬೆರಳಲ್ಲಿ ಎಣಿಸುವಷ್ಟು. ನವೆಂಬರ್ ಎರಡರಂದು, ತೀರಿಕೊಂಡವರ ಹಬ್ಬಕ್ಕೆ, ಎಲ್ಲರೂ ತಮ್ಮ ತಮ್ಮ ಹಿರಿಯರ ಫೋಟೋಗಳನ್ನು ಚರ್ಚಿನ ಪೀಠದ ಮೆಟ್ಟಿಲ ಮೇಲಿಟ್ಟು ಮೇಣಬತ್ತಿ ಹಚ್ಚುತ್ತಾರೆ. ನಮ್ಮತ್ತೆ ಎರಡು ವರ್ಷ ಬರೀ ಮೇಣಬತ್ತಿ ಇಟ್ಟು ಬಂದರು.

"ಎಲ್ಲಾರ ಮುಂದ ಗಂಡ ಕುಂತಿರ್ತಾನ. ನನ್ನ ಮುಂದ ಬರೇ ಬತ್ತಿ. ಈ ವರ್ಷನೂ ಫೋಟೋ ಇಲ್ಲಂದ್ರ ನಾ ಚರ್ಚಿಗೇ ಬರಂಗಿಲ್ಲ ನೋಡ!"

ಮಾವನವರಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ನಮ್ಮ ಮದುವೆಯ ಆಲ್ಬಂನಲ್ಲಿ ಅವರ ಮೊಳಕೈ ಮಾತ್ರ ಇದೆ. ಆಧಾರ್ ಕಾರ್ಡಿನ ಫೋಟೋ ಅತ್ತೆಗೆ ಬೇಡ. "ಅದರಾಗ ಕಳ್ಳನ್ನ ಹಿಡಿದು ನಿಲ್ಲಿಸಿದಂಗ ಕಾಣ್ತಾರ."

ಉಳಿದದ್ದು ಒಂದೇ. ನನ್ನ ಗಂಡ ಎಂದೋ ಮೊಬೈಲಿನಲ್ಲಿ ತೆಗೆದದ್ದು. ತಲೆಗೆ ರುಮಾಲು, ಎದೆಗೆ ಅವುಚಿಕೊಂಡ ಆಡಿನ ಮರಿ, ಮುಖದ ತುಂಬ ನಗು. ಅವತ್ತು ಆ ಮರಿಯನ್ನು ಮಾರಲು ಐಗಳಿ ಸಂತೆಗೆ ಹೊರಟಿದ್ದರು. ಸಂಜೆ ಬಂದಾಗ ಮರಿಯೂ ಇಲ್ಲ, ಮಾರಿದ ದುಡ್ಡೂ ಇಲ್ಲ.

"ಮರಿ ಎಲ್ಲಿ?" ಅಂತ ಅತ್ತೆ ಕೇಳಿದರು.

ಮಾವನವರು ತಮ್ಮ ಎರಡೂ ಕೈ ನೋಡಿಕೊಂಡು, "ಇಲ್ಲೇ ಇತ್ತಲ್ಲ!" ಅಂದರು.

ಆಮೇಲೆ ಅವರು ಊಟಕ್ಕೆ ಕೂತಾಗೆಲ್ಲ ಅತ್ತೆ ಅದನ್ನೇ ಕೇಳುತ್ತಿದ್ದರು. ಉತ್ತರ ಕೊಡದೆಯೇ ಅವರು ಹೋಗಿಬಿಟ್ಟರು.

೨. ಸ್ಟುಡಿಯೋದವನ ಭಕ್ತಿ

ಚಿಕ್ಕೋಡಿ ನನ್ನ ತವರು. ಅಲ್ಲಿಗೆ ಹೋದಾಗ ಸ್ಟುಡಿಯೋದವನಿಗೆ ಆ ಫೋಟೋ ತೋರಿಸಿದೆ.

"ಈ ಮರೀನ ತಗೀರಿ. ತೀರಿಕೊಂಡವರ ಹಬ್ಬಕ್ಕ ಇಡೂದೈತಿ."

"ತಗೀತೀನ್ರಿ ಅಕ್ಕಾರ. ಆದ್ರ ಕೈ ಖಾಲಿ ಕಾಣ್ತಾವಲ್ಲ, ಅಲ್ಲೇನ ಕೂಡಿಸ್ಲಿ?"

ನನ್ನ ಮಗ ಕಂಕುಳಲ್ಲಿ ಕಿರುಚುತ್ತಿದ್ದ. ಬಸ್ಸಿಗೆ ಹೊತ್ತಾಗಿತ್ತು. "ನಾವು ಕ್ರಿಶ್ಚಿಯನ್ ಮಂದಿ. ನಮಗೊಪ್ಪೂವಂಥಾದ್ದು ಏನರೆ ಹಾಕ್ರಿ," ಅಂದು ಓಡಿದೆ. ನಾನು ಮಾಡಿದ ಪಾಪ ಇಷ್ಟೇ.

ಫೋಟೋ ಕೈಗೆ ಬಂದದ್ದು ನವೆಂಬರ್ ಒಂದರ ಸಂಜೆ. ಬಿಚ್ಚಿ ನೋಡಿದರೆ, ಮಾವನವರ ತೋಳಿನಲ್ಲಿ ಬಂಗಾರದ ಗುಂಗುರು ಕೂದಲಿನ ಬಾಲಯೇಸು! ರುಮಾಲಿನ ಹಿಂದೆ ಜೋಳದ ರೊಟ್ಟಿಯಷ್ಟು ದೊಡ್ಡ ಬೆಳಕಿನ ಬಳೆ! ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರು ಚರ್ಚಿನಲ್ಲಿ ನಿಂತಿರುವುದು ಥೇಟ್ ಹೀಗೇ. ಅವರಿಗೆ ಮೀಸೆ, ರುಮಾಲು ಇಲ್ಲ, ಅಷ್ಟೇ.

ಸ್ಟುಡಿಯೋಕ್ಕೆ ಫೋನ್ ಮಾಡಿ ಬೈದೆ.

"ಹಂಗ್ಯಾಕ್ರಿ ಅಕ್ಕಾರ? ನಿಮ್ಮ ಕ್ಯಾಲೆಂಡರಿನ್ಯಾಗ ಎಲ್ಲಾ ಹಿರ್‍ಯಾರೂ ಹಿಂಗ ಇರ್ತಾರಲ್ರಿ? ಬೆಳಕು ನನ್ನ ಕಡಿಂದ, ಫುಕಟ್!"

೩. ಒಂದು ದಿನ ತಡ

ಅತ್ತೆ ಫೋಟೋವನ್ನು ಬಹಳ ಹೊತ್ತು ನೋಡಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

"ಈ ಕೂಸು ಯಾರ್ದು?"

"ಬಾಲಯೇಸು, ಅತ್ತಿ."

"ಅಲ್ಲ. ಇಂವ ನನ್ನ ಮೊಮ್ಮಗ."

ನನ್ನ ಮಗ ಹುಟ್ಟುವ ಎರಡು ತಿಂಗಳ ಮೊದಲೇ ಮಾವನವರು ಹೋಗಿದ್ದರು. "ಎತ್ತಿಗೊಳ್ಳದ ಹ್ವಾದ್ರು. ಈಗರೆ ಎತ್ತಿಗೊಳ್ಳಲಿ," ಅಂದರು ಅತ್ತೆ. ನನ್ನ ಮಗನ ಬಣ್ಣ ಬೆಲ್ಲದ ಅಚ್ಚಿನದು, ಕೂದಲು ತೆಂಗಿನ ನಾರಿನದು. ಆದರೂ ನಾನು ಬಾಯಿ ಬಿಡಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲ ಸಲ.

ಮರುದಿನ ಚರ್ಚಿನಲ್ಲಿ ಫಾದರ್ ಫೋಟೋ ಕಂಡು ಕನ್ನಡಕ ಸರಿಮಾಡಿಕೊಂಡರು. ಅವರು ಕರಾವಳಿಯವರು, ಪುಸ್ತಕದಂತೆ ಮಾತಾಡುತ್ತಾರೆ. "ಅಮ್ಮಾ, ಸಂತರ ಹಬ್ಬ ನಿನ್ನೆಯೇ ಮುಗಿಯಿತು. ಇಂದು ಉಳಿದ ಮೃತರದ್ದು. ಇವರು ಯಾವ ದಿನದವರು?"

ಮೆಟ್ಟಿಲ ತನಕ ಬಂದ ಫೋಟೋ ವಾಪಸ್ ಹೋಗುತ್ತದೇನೋ ಅಂತ ನನಗೆ ಅಂಜಿಕೆ. ಅತ್ತೆ ಮಾತ್ರ ಅಂಜಲಿಲ್ಲ.

"ಫಾದರ್ರಿ, ಅವರು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹ್ವಾದವರಲ್ಲ. ಒಂದ ದಿನ ತಡಾ ಆಗೇತಿ, ಒಳಗ ಬಿಡ್ರಿ."

ಫಾದರ್ ನಕ್ಕು, ತಾವೇ ಒಂದು ದಪ್ಪ ಚೆಂಡುಹೂವಿನ ಹಾರ ತಂದು ಬೆಳಕಿನ ಬಳೆ ಮುಚ್ಚುವಂತೆ ಹಾಕಿದರು. ಅವತ್ತು ಅತ್ತೆಯ ಮುಂದೆಯೂ ಗಂಡ ಕೂತಿದ್ದರು.

೪. ಖಡಕ್ ದೇವರು

ಫೋಟೋ ಮನೆಗೆ ಬಂದು ಪಡಸಾಲೆಯ ಗೋಡೆ ಏರಿತು. ಮೂರು ದಿನಕ್ಕೆ ಹೂ ಬಾಡಿತು, ಹಾರ ತೆಗೆದೆವು. ಬೆಳಕು ಮತ್ತೆ ಹೊರಗೆ ಬಂತು.

ನಮ್ಮ ಓಣಿಗೆ ಈ ವರ್ಷವಷ್ಟೇ ಬಂದ ದನಗಾರರ ಮನೆಯಾಕೆ ಇದ್ದಾಳೆ. ಮಾವನವರನ್ನು ಕಂಡವಳಲ್ಲ. ಅವಳ ಎಮ್ಮೆ ಎರಡು ದಿನದಿಂದ ಕಾಣೆಯಾಗಿತ್ತು. ನಮ್ಮಲ್ಲಿ ಕೇಳಲು ಬಂದವಳು ಫೋಟೋ ಮುಂದೆ ನಿಂತುಬಿಟ್ಟಳು.

"ಅಕ್ಕಾ, ಕಳದದ್ದು ಹುಡುಕಿ ಕೊಡೂ ದೇವ್ರು ಇವ್ರೇ ಅಲ್ಲ? ನಮ್ಮ ತವರಿನ ಚರ್ಚಿನ್ಯಾಗ ನೋಡೀನಿ!"

ನಾನು ಮಗನಿಗೆ ಸ್ನಾನ ಮಾಡಿಸುತ್ತಿದ್ದೆ. ಸೋಪಿನ ಕೈ ತೊಳೆದು ಬರುವಷ್ಟರಲ್ಲಿ ಅವಳು ಬತ್ತಿ ಹಚ್ಚಿ, ಕೈಮುಗಿದು ಹೋಗಿಯೇ ಬಿಟ್ಟಿದ್ದಳು.

ಸಂಜೆ ಎಮ್ಮೆ ಕಬ್ಬಿನ ಗದ್ದೆಯಿಂದ ತಾನಾಗಿ ಎದ್ದು ಬಂತು.

ಮರುದಿನ ಬೆಳಗ್ಗೆ ಬಾಗಿಲಿಗೆ ತೆಂಗಿನಕಾಯಿ, ಅರಿಶಿನ ಕುಂಕುಮ, ಅರ್ಧ ಓಣಿ. ಮಾವನವರನ್ನು ಬಲ್ಲವರಿಗೂ ಆ ಬೆಳಕಿನ ಮುಂದೆ ಗುರುತು ಹತ್ತಲಿಲ್ಲ. "ಭಾಳ ಖಡಕ್ ದೇವ್ರು, ಅತ್ಯಾರ! ಇವ್ರ ಮೂಲ ಊರು ಯಾವ್ದ್ರಿ?" ಅಂದಳು ಎಮ್ಮೆಯವಳು.

ಸುಳ್ಳು ಹೇಳಿದರೆ ಪಾಪ ಅಂತ ಅತ್ತೆ ಮಾವನವರು ಹುಟ್ಟಿದ ಊರನ್ನೇ ಹೇಳಿದರು: "ಜುಗೂಳ."

ಎಲ್ಲರೂ ಹೋದ ಮೇಲೆ ಅತ್ತೆ ಬಾಗಿಲು ಹಾಕಿದರು. ಸೆರಗು ಹೊದ್ದು, ಒಂದು ಮೇಣಬತ್ತಿ ಹಚ್ಚಿ ಫೋಟೋ ಎದುರು ನಿಂತರು. ಪ್ರಾರ್ಥನೆಗೆ ಆಮೆನ್ ಅನ್ನೋಣ ಅಂತ ನಾನೂ ಮಗನ ಕೈ ಜೋಡಿಸಿ ಹಿಂದೆ ನಿಂತೆ. ಅತ್ತೆ ಎರಡೂ ಕೈ ಸೊಂಟಕ್ಕಿಟ್ಟರು.

"ಮಂದಿ ಎಮ್ಮಿ ಹುಡುಕಿ ಕೊಟ್ರಿ, ಛಲೋ ಆತು. ಈಗರೆ ಹೇಳ್ರಿ, ಆ ಆಡಿನ ಮರಿ ಎಲ್ಲಿ ಬಿಟ್ಟು ಬಂದ್ರಿ?"