ಹನ್ನೆರಡು ಅಡಿ ದೂರವಿದ್ದುದಕ್ಕೆ ದೃಢೀಕರಣ ಪತ್ರ

ಇಂದ: ನಾಗೇಶ್ ಬಿನ್ ಪುಟ್ಟಯ್ಯ, ಸಾಮಿಲ್ ಮೇಸ್ತ್ರಿ, ಓಲ್ಡ್ ಟೌನ್, ಭದ್ರಾವತಿ.

ಗೆ: ಶ್ರೀ ಯಜ್ಞನಾರಾಯಣ, ಮಾಲೀಕರು, ವರ್ಚುವಲ್ ರಿಯಾಲಿಟಿ ಆಟದ ಅಂಗಡಿ, ಸವಳಂಗ ರಸ್ತೆ, ಶಿವಮೊಗ್ಗ.

ದಿನಾಂಕ: 17-6-2004

ವಿಷಯ: ಅರ್ಜಿದಾರನು ಹುಡುಗಿಯ ಹತ್ತಿರಕ್ಕೆ ಹೋಗಿರಲೇ ಇಲ್ಲವೆಂದು ದೃಢೀಕರಿಸುವ ಕುರಿತು.

ಉಲ್ಲೇಖ: ಹುಡುಗಿಯ ತಂದೆ ಭೈರಪ್ಪನವರು ಕಳೆದ ಭಾನುವಾರ ತಮ್ಮ ಅಂಗಡಿ ಬಾಗಿಲಲ್ಲಿ ಆಡಿದ ಮಾತು.

ಮಾನ್ಯರೇ,

1. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ರವೀಂದ್ರನಗರದ ಕು. ಬಿಂದುಶ್ರೀಯವರೂ ಅರ್ಜಿದಾರ ನಾಗೇಶನೂ ಹಿರಿಯರ ಒಪ್ಪಿಗೆ ಪಡೆದು ತಮ್ಮಲ್ಲಿಗೆ ಬಂದು, ಗೋಡೆಗೊಬ್ಬರಂತೆ ಕುಳಿತು, ತಲೆಗೆ ಹೆಲ್ಮೆಟ್ಟು, ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು ಹಾಕಿಸಿಕೊಂಡದ್ದು ಸರಿಯಷ್ಟೆ. ಒಳಗೆ ಕಾಣುವ ಮಾಯಾತೋಟದಲ್ಲಿ ಅವರು ಕಾರಂಜಿಯ ಬಳಿ, ಇವನು ಗೇಟಿನ ಬಳಿ. ನಡುವೆ ಹನ್ನೆರಡು ಅಡಿ ಎಂದು ಯಂತ್ರವೇ ತೋರಿಸುತ್ತಿತ್ತು; ತಮ್ಮ ಅಂಗಡಿಯ ಗೋಡೆಯಿಂದ ಗೋಡೆಗೂ ಅಷ್ಟೇ.

2. ಸಾಮಿಲ್ಲಿನ ಗರಗಸದ ಸದ್ದಿನಲ್ಲಿ ಹನ್ನೊಂದು ವರ್ಷ ಕೂಗಿ ಕೂಗಿ ಇವನ ಗಂಟಲು ಎಂಥದೆಂದು ಊರಿಗೇ ಗೊತ್ತು. ಆದ್ದರಿಂದ ತಾಯಿ ಹೂವಮ್ಮನವರು ಹೊರಡುವಾಗಲೇ, "ಮೆಲ್ಲಗೆ ಮಾತಾಡು ಮಾರಾಯ. ಹೆಣ್ಣು ನೋಡಕ್ಕೆ ಹೋಗ್ತಿದೀಯ, ದಿಮ್ಮಿ ಇಳಿಸಕ್ಕಲ್ಲ" ಎಂದು ತಾಕೀತು ಮಾಡಿದ್ದರು. ಸದರಿ ಕಾರಣದಿಂದ ಇವನು ಗೇಟು ಬಿಟ್ಟು ಕದಲದೆ, ಜನ್ಮದಲ್ಲಿ ಮೊದಲ ಸಲ ಪಿಸುಗುಟ್ಟಿದನು: "ನೀವು ನಂಗೆ ಇಷ್ಟ ಆಗಿದೀರ."

3. ದೂರವಾದಷ್ಟೂ ದನಿ ಸಣ್ಣದಾಗುವುದು ಆ ಯಂತ್ರದ ಕ್ರಮ. ಆದರೆ ಲಾರಿಗಳ ಗದ್ದಲದಲ್ಲಿ ಗಿರಾಕಿಗಳಿಗೆ ಕೇಳಿಸದೆಂದು ತಾವು ಅದನ್ನು ತೆಗೆಸಿ, ಎಲ್ಲರ ದನಿಯನ್ನೂ ಫುಲ್ ಇಟ್ಟಿರುತ್ತೀರಿ. ಪರಿಣಾಮ, ಪಿಸುಮಾತು ಉಸಿರಿನ ಸಮೇತ ಬಿಂದುಶ್ರೀಯವರ ಕಿವಿಯೊಳಕ್ಕೇ ಹೋಯಿತು. ಕಣ್ಣಿಗೆ ಗೇಟಿನಲ್ಲಿದ್ದವನು ಕಿವಿಗೆ ಹೆಗಲ ಮೇಲಿದ್ದನು. ಅವರು ಬೆಚ್ಚಿಬಿದ್ದು, "ಮೈಮೇಲೇ ಬಂದ್ರು" ಎಂದು ಕೂಗಿ ಎದ್ದು, ಎರಡೂ ಕೈಯಲ್ಲಿ ಗಾಳಿಯನ್ನು ತಳ್ಳುತ್ತ ಹಿಂದೆ ಸರಿದು ತಮ್ಮ ಟೇಬಲ್ ಫ್ಯಾನು ಕೆಡವಿದರು.

4. ಜೊತೆಗೆ ಬಂದಿದ್ದ ಭೈರಪ್ಪನವರಾದರೋ, ಅರ್ಜಿದಾರನು ಎದುರು ಗೋಡೆಗೆ ಅಂಟಿ ಕೂತಿದ್ದನ್ನು ಕಣ್ಣಾರೆ ಕಂಡೂ ಮಗಳ ಕಿವಿಯನ್ನೇ ನಂಬಿ, ಮೈಮೇಲೆ ಬೀಳುವವನಿಗೆ ಹೆಣ್ಣು ಕೊಡುವುದಿಲ್ಲವೆಂದು ಹೊರಟುಹೋದರು. ಮುಟ್ಟದ ತಪ್ಪಿಗೆ ಇದೆಂಥ ಶಿಕ್ಷೆ ಸ್ವಾಮಿ? ನಾಲ್ಕು ದಿನದಿಂದ ಇವನಿಗೆ ಅನ್ನ ಸೇರುತ್ತಿಲ್ಲ.

5. ನಿನ್ನೆ ಬಿಂದುಶ್ರೀಯವರೇ ಸಾಮಿಲ್ಲಿಗೆ ಫೋನು ಮಾಡಿ, "ನೀವು ಹೇಳಿದ್ದಕ್ಕೆ ಹೆದರ್ಲಿಲ್ಲ ಕಣ್ರೀ. ಎಲ್ಲಿಂದ ಹೇಳ್ತಿದೀರ ಅಂತ ಗೊತ್ತಾಗ್ದೆ ಹೆದರಿದೆ. ಎದುರು ಕೂತು ಇನ್ನೊಂದ್ಸಲ ಹೇಳಿ" ಎಂದಿರುತ್ತಾರೆ. ಹತ್ತಿರ ಹೋಗಿರಲಿಲ್ಲವೆಂದು ತಮ್ಮ ಅಂಗಡಿಯ ಸೀಲು ಹಾಕಿದ ಕಾಗದ ತೋರಿಸಿದರೆ ಮಗಳನ್ನು ಕರೆತರುವುದಾಗಿ ಭೈರಪ್ಪನವರೂ ಇಳಿದು ಬಂದಿದ್ದಾರೆ.

ಆದ್ದರಿಂದ ಹನ್ನೆರಡು ಅಡಿಯ ಬಗ್ಗೆ ದೃಢೀಕರಣ ಪತ್ರ ನೀಡಬೇಕಾಗಿಯೂ, ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಯಂತ್ರ ಆರಿಸಿ ಎರಡು ಕುರ್ಚಿ ಹಾಕಿಸಬೇಕಾಗಿಯೂ ಪ್ರಾರ್ಥನೆ.

ತಮ್ಮ ವಿಶ್ವಾಸಿಯೂ ಫ್ಯಾನು ರಿಪೇರಿಗೆ ಬದ್ಧನೂ ಆದ,
ನಾಗೇಶ್

ಅಡಕ: 1. ಅಂಗಡಿಯ ನೆಲ ಅಳೆದ ನಕ್ಷೆ. 2. ಫ್ಯಾನಿನ ಮುರಿದ ರೆಕ್ಕೆ.

ವಿ.ಸೂ.: ಕುರ್ಚಿಗಳ ನಡುವೆ ಎಷ್ಟು ಅಡಿ ಬಿಡಬೇಕೆಂಬುದನ್ನು ಬಿಂದುಶ್ರೀಯವರು ಬಂದು ತೀರ್ಮಾನಿಸುವರು. ಅಲ್ಲಿಯವರೆಗೆ ತಾವು ಅಳೆಯಬಾರದಾಗಿ ವಿನಂತಿ.