ರಾಜೀನಾಮೆಗೆ ಬಿದ್ದ ಹೆಬ್ಬೆಟ್ಟು

ಸಂಬಳವಿಲ್ಲದ ಕೆಲಸಕ್ಕೆ ಯಾರಾದರೂ ರಾಜೀನಾಮೆ ಕೊಡುತ್ತಾರೆಯೇ ಎಂದು ನೀವು ಕೇಳಬಹುದು. ನಮ್ಮತ್ತೆಯೂ ಅದನ್ನೇ ಕೇಳಿದರು. ಸಂಬಳವಿಲ್ಲದ ಕೆಲಸಗಳು ನನಗಿದ್ದದ್ದು ಎರಡು: ಒಂದು ಈ ಸಂಸಾರ, ಇನ್ನೊಂದು ಆ ಗೇಮು. ಮೊದಲನೆಯದಕ್ಕೆ ರಾಜೀನಾಮೆ ಕೊಟ್ಟರೆ ಸ್ವೀಕರಿಸುವ ಅಧಿಕಾರಿ ಯಾರೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. ಹಾಗಾಗಿ ಎರಡನೆಯದಕ್ಕೆ ಕೊಟ್ಟೆ. ಕೊಟ್ಟದ್ದೇನೋ ಸರಿ, ಆಮೇಲೆ ಆದದ್ದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನಿಮ್ಮ ಹತ್ತಿರವೇ ಹೇಳಿಕೊಳ್ಳುತ್ತೇನೆ. ನಗುವುದಾದರೆ ಪೂರ್ತಿ ಕೇಳಿ ನಗಿ, ನಡುವೆ ಕಿಸಕ್ಕೆನ್ನಬೇಡಿ.

ಗೇಮು ಎಂದರೆ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಆಡುತ್ತಾರಲ್ಲ, ಅದು. ಆಡುವವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ, ಮಾಡುವವರೂ ಬೇಕಲ್ಲ? ನಾವು ನಾಲ್ಕು ಜನ ಪುಕ್ಕಟೆಯಾಗಿ, ಬರೀ ಪ್ರೀತಿಗೆ ಮಾಡುತ್ತಿದ್ದೆವು. "ಶಬ್ದ ಮಾಡುವವರು ಬೇಕಾಗಿದ್ದಾರೆ" ಎಂಬ ಪ್ರಕಟಣೆಯನ್ನು ಮೊಬೈಲಿನಲ್ಲಿ ತೋರಿಸಿದ್ದು ನಮ್ಮ ಮನೆಯವರೇ. "ನಿನಗೇ ಹೇಳಿ ಮಾಡಿಸಿದ ಹಾಗಿದೆ ಕಣೆ. ನೀನು ಪಾತ್ರೆ ತೊಳೆದ್ರೆ ಇಡೀ ಬೀದಿ ಎದ್ದು ಕೂರುತ್ತೆ" ಎಂದು ಗೇಲಿ ಮಾಡಿದರು. ಗೇಲಿಯನ್ನು ನಾನು ಗಂಭೀರವಾಗಿ ತೆಗೆದುಕೊಂಡು ಅಂದೇ ಸೇರಿಕೊಂಡೆ.

ಏಕೆ ಸೇರಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ: ಹೆಸರಿಗಾಗಿ. ಗೇಮು ಮುಗಿದ ಮೇಲೆ ಅದನ್ನು ಮಾಡಿದವರ ಹೆಸರುಗಳು ಪರದೆಯ ಕೆಳಗಿನಿಂದ ಮೇಲಕ್ಕೆ ಏರಿ ಬರುತ್ತವಂತೆ. ನನ್ನ ಹೆಸರು ಎಲ್ಲಿಯೂ ಏರಿದ್ದನ್ನು ನಾನು ಕಂಡಿಲ್ಲ. ಬಾಗಿಲ ಮೇಲಿರುವುದು ಇವರ ಹೆಸರು. ಫೋನಿನ ಬಿಲ್ಲು ಅತ್ತೆಯ ಹೆಸರಿಗೆ ಬರುತ್ತದೆ. ಕರೆಂಟಿನ ಬಿಲ್ಲು ತೀರಿಹೋದ ಮಾವನವರ ಹೆಸರಿಗೆ ಇವತ್ತಿಗೂ ಬರುತ್ತಿದೆ. (ಹೋದವರಿಗಿರುವ ಮರ್ಯಾದೆ ಇರುವ ಸೊಸೆಗಿಲ್ಲ.) ನನ್ನ ಹೆಸರು ಕಾಗದದ ಮೇಲೆ ಬರುವುದು ಡಾಕ್ಟರ ಔಷಧಿ ಚೀಟಿಯಲ್ಲಿ ಮಾತ್ರ, ಅದಕ್ಕೂ ಜ್ವರ ಬರಬೇಕು. ಬೆಳಗ್ಗೆ ಮಾಡಿದ ಅಡುಗೆ ಮಧ್ಯಾಹ್ನಕ್ಕೆ ಖಾಲಿ, ಇವತ್ತು ಒಗೆದ ಬಟ್ಟೆ ನಾಳೆಗೆ ಕೊಳೆ. ಉಳಿಯುವಂಥದ್ದು ಏನಾದರೂ ಒಂದನ್ನು ಮಾಡಿ, ಅದರ ಜೊತೆ ನನ್ನ ಹೆಸರನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ನನಗೆ ಬಹಳವಾಗಿತ್ತು.

ತಂಡದ ಮುಖ್ಯಸ್ಥನಿಗೆ ನಾನಿಟ್ಟ ಹೆಸರು ದಂಡನಾಯಕ. ಹಗಲಲ್ಲಿ ಸೋಫಾ ಅಂಗಡಿಯ ಮ್ಯಾನೇಜರ್. ಶನಿವಾರ ಸಂಜೆಯ ವೀಡಿಯೊ ಸಭೆಯಲ್ಲಿ ಸಾಕ್ಷಾತ್ ಸಾರ್ವಭೌಮ. ಚಿತ್ರ ಬರೆಯುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ಆಕೆ ಬರೆದ ರಾಕ್ಷಸರಿಗೆಲ್ಲ ಒಂದೂ ಹುಳುಕಿಲ್ಲದ, ಸಾಲಾಗಿ ಜೋಡಿಸಿದ ಹಲ್ಲು. ಪ್ರೋಗ್ರಾಂ ಬರೆಯುವವನು ಯಾವ ಸಭೆಯಲ್ಲೂ ತುಟಿ ಎರಡು ಮಾಡಿದವನಲ್ಲ. ಅವನನ್ನು ನಾನು ಮೌನಿಬಾಬಾ ಎಂದು ಕರೆಯುತ್ತಿದ್ದೆ, ಮನಸ್ಸಿನಲ್ಲೇ.

ಕಥೆ ಚೆನ್ನಾಗಿತ್ತು. ಬೆಟ್ಟದ ಮೇಲೆ ಒಬ್ಬ ದೈತ್ಯ ಮಲಗಿದ್ದಾನೆ. ಆಡುವವರು ತುದಿಗಾಲಲ್ಲಿ ಹತ್ತಿ ಹೋಗಿ ಅವನ ದಿಂಬಿನ ಕೆಳಗಿರುವ ಬೀಗದ ಕೈಯನ್ನು ಕದಿಯಬೇಕು. ಇದಕ್ಕೆ ಬೇಕಾದ ಸಕಲ ಸದ್ದುಗಳನ್ನೂ ನಾನು ಅಡುಗೆಮನೆಯಲ್ಲೇ ಸೃಷ್ಟಿಸಿದೆ. ಸೌಟಿಗೆ ಸೌಟು ತಾಗಿಸಿ ಕತ್ತಿವರಸೆ ಮಾಡಿದೆ. ಎಲೆಕೋಸಿನ ದಂಟು ಮುರಿದು ಮೂಳೆ ಮುರಿದೆ. ಇವರ ಆಫೀಸಿನ ಬೆಲ್ಟನ್ನು ತಿರುಚಿ ಕೋಟೆಯ ಬಾಗಿಲನ್ನು ಕಿರ್ರೆನ್ನಿಸಿದೆ. ಅಟ್ಟದ ಮೇಲಿದ್ದ ಹಳೆಯ ತಗಡನ್ನು ಇಳಿಸಿ ಅಲ್ಲಾಡಿಸಿದಾಗ ಬಂದ ಗುಡುಗಿಗೆ ಪಕ್ಕದ ಮನೆಯ ಟೀಚರು ಓಡಿಬಂದು ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಒಳಗೆ ತೆಗೆದುಕೊಂಡರು. ನನ್ನ ಜೀವನದಲ್ಲಿ ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಮನೆಮಂದಿಗೆ ಮಾತ್ರ ಪ್ರಾಣಸಂಕಟ. ನಾನು "ರೆಕಾರ್ಡಿಂಗ್!" ಎಂದು ಕೂಗಿದರೆ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು.

"ಕುಕ್ಕರ್ ಕೂಗೋ ಹಾಗಿಲ್ಲ, ಮಿಕ್ಸಿ ಹಾಕೋ ಹಾಗಿಲ್ಲ, ಕೆಮ್ಮೋ ಹಾಗಿಲ್ಲ. ಇದು ಮನೆಯೋ ಆಸ್ಪತ್ರೆಯೋ?" ಎಂದರು ಅತ್ತೆ ಒಂದು ದಿನ.

"ಆಸ್ಪತ್ರೇಲಿ ಆರಾಮಾಗಿ ಕೆಮ್ಮಬಹುದು ಅಮ್ಮ" ಎಂದರು ಇವರು.

"ಅಯ್ಯೋ, ತಾಯಿ ಮಗ ಸೇರಿ ನನ್ನ ಕುದುರೆ ಹಾಳು ಮಾಡಿದ್ರಲ್ಲ! ಎಷ್ಟು ಚೆನ್ನಾಗಿ ಓಡ್ತಿತ್ತು!" ಎಂದೆ ನಾನು, ಗೊರಸಿನ ಸದ್ದಿಗೆಂದು ಎರಡೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡು.

ಇಷ್ಟೆಲ್ಲ ಮಾಡಿದರೂ ಗೇಮು ಮುಗಿಯಲಿಲ್ಲ. ಕಾರಣ, ದಂಡನಾಯಕನಿಗೆ "ಬೇಡ" ಎಂಬ ಪದವೇ ಬರುತ್ತಿರಲಿಲ್ಲ. ಯಾರು ಏನು ಹೇಳಿದರೂ "ಅದ್ಭುತ! ಹಾಕೋಣ!" ಹಲ್ಲಿನ ಡಾಕ್ಟರಮ್ಮ ತಮಗೆ ಮೀನು ಬರೆಯಲು ಇಷ್ಟ ಎಂದು ಬಾಯ್ತಪ್ಪಿ ಅಂದರು, ಮರುವಾರ ದೈತ್ಯನ ಬೆಟ್ಟ ಸಮುದ್ರದಲ್ಲಿ ಮುಳುಗಿತು. ನಾನು ಹುಲ್ಲಿನ ಮೇಲೆ ಇಟ್ಟಿದ್ದ ಹೆಜ್ಜೆಗಳನ್ನೆಲ್ಲ ನೀರಿನಲ್ಲಿ ಇಡಬೇಕಾಯಿತು. ವಾರವಿಡೀ ಬಕೆಟ್ಟಿನಲ್ಲಿ ಕಾಲಿಟ್ಟು ಪಚಪಚ ತುಳಿದು, ನೆಗಡಿ ಹಿಡಿದು, ಇನ್ನೊಂದು ಔಷಧಿ ಚೀಟಿಯಲ್ಲಿ ಹೆಸರು ಮಾಡಿದೆ.

ನೆಗಡಿ ವಾಸಿಯಾಗುವಷ್ಟರಲ್ಲಿ ದೈತ್ಯ ಸಮುದ್ರದಿಂದ ಎದ್ದು ಅಂತರಿಕ್ಷಕ್ಕೆ ಹೋಗಿಬಿಟ್ಟಿದ್ದ. ಅಲ್ಲಿ ಗಾಳಿಯೇ ಇಲ್ಲ, ಆದ್ದರಿಂದ ಶಬ್ದವೂ ಇಲ್ಲ ಎಂದು ಡಾಕ್ಟರಮ್ಮ ವಿಜ್ಞಾನ ತೆಗೆದರು. "ಅದ್ಭುತ! ಆ ನಿಶ್ಶಬ್ದ ರೆಕಾರ್ಡ್ ಮಾಡಿ ಕಳ್ಸಿ ಮೇಡಂ" ಎಂದ ದಂಡನಾಯಕ. ನಾನು ಗುಂಡಿ ಒತ್ತಿ, ಸುಮ್ಮನೆ ಕೂತು, ಏನೂ ಇಲ್ಲದ್ದನ್ನು ಕಳಿಸಿದೆ. ಉತ್ತರ ಬಂತು: "ಚೆನ್ನಾಗಿದೆ, ಆದ್ರೆ ಇನ್ನೂ ಸ್ವಲ್ಪ ಆಳ ಬೇಕಿತ್ತು." ಮರುದಿನ ಅದನ್ನೇ ಇನ್ನೊಂದು ಸಲ ಕಳಿಸಿದೆ. "ಈಗ ಬಂತು ನೋಡಿ!" ಎಂದ. ಅಂದು ರಾತ್ರಿ ಊಟ ಸೇರಲಿಲ್ಲ ನನಗೆ.

ನಮ್ಮ ಕೆಲಸಗಳಿಗೆಂದೇ ಕಂಪ್ಯೂಟರಿನಲ್ಲಿ ಒಂದು ಹಲಗೆ ಇತ್ತು. ಅದರಲ್ಲಿ "ಮಾಡಬೇಕು", "ಮಾಡುತ್ತಿದ್ದೇವೆ", "ಮುಗಿಯಿತು" ಎಂದು ಮೂರು ಅಂಕಣ. ಮೊದಲೆರಡರಲ್ಲಿ ಕಾಲಿಡಲು ಜಾಗವಿಲ್ಲ. ಮೂರನೆಯದು ಹುಟ್ಟಿದಾಗಿನಿಂದ ಬಟ್ಟಬಯಲು. ಒಂದು ಸಭೆಯಲ್ಲಿ ಆ ಖಾಲಿ ಅಂಕಣಕ್ಕೆ ಯಾವ ಬಣ್ಣ ಬಳಿದರೆ ಉತ್ಸಾಹ ಬರುತ್ತದೆ ಎಂಬುದರ ಮೇಲೆ ಇಡೀ ಸಂಜೆ ಚರ್ಚೆ ನಡೆಯಿತು. ಹಸಿರು ಎಂದು ತೀರ್ಮಾನವಾಗಿ, ಆ ಬಣ್ಣ ಬಳಿಯುವ ಕೆಲಸವೂ "ಮಾಡಬೇಕು" ಅಂಕಣಕ್ಕೆ ಸೇರಿತು.

ಕಡೆಗೆ ನನ್ನ ತಾಳ್ಮೆಯ ಕಟ್ಟೆ ಒಡೆದದ್ದು ಸೋಫಾದಿಂದ. ಆ ಶನಿವಾರ ದಂಡನಾಯಕ ಕಣ್ಣರಳಿಸಿ ಹೇಳಿದ: "ಒಂದು ಐಡಿಯಾ ಬಂದಿದೆ. ದೈತ್ಯ ಬೆಟ್ಟದ ಮೇಲೆ ಯಾಕೆ ಮಲಗ್ಬೇಕು? ಸೋಫಾ ಮೇಲೆ ಮಲಗ್ಲಿ! ಇಡೀ ಗೇಮು ಒಂದು ಸೋಫಾ ಅಂಗಡೀಲಿ ನಡೀಲಿ!"

"ಹಾಗಾದ್ರೆ ನನ್ನ ಗುಡುಗು?" ಎಂದೆ.

"ಸೋಫಾ ಅಂಗಡೀಲಿ ಗುಡುಗು ಯಾಕೆ ಮೇಡಂ? ನೀವು ಸ್ಪ್ರಿಂಗಿನ ಸದ್ದು ಮಾಡಿ ಕಳ್ಸಿ. ಗಟ್ಟಿ ಸ್ಪ್ರಿಂಗು, ಮೆತ್ತಗಿನ ಸ್ಪ್ರಿಂಗು, ಎರಡೂ."

ನನಗೆ ಅಂಗಾಲಿನ ಬೆಂಕಿ ನೆತ್ತಿಗೇರಿತು. ಸಭೆ ಮುಗಿಯುವವರೆಗೂ ಕಾಯದೆ ಫೋನು ಮುಚ್ಚಿಟ್ಟು ರಾಜೀನಾಮೆ ಬರೆಯಲು ಕೂತೆ. ಬರೆದದ್ದನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಕೇಳುಗರು ಇಬ್ಬರು: ಇವರು ಮತ್ತು ಅತ್ತೆ.

"'ಮಾನ್ಯರೇ, ಗೊತ್ತುಗುರಿಯಿಲ್ಲದ ನಿಮ್ಮ ಈ ಆಡಳಿತಕ್ಕೆ ನಾನು ಎಳ್ಳುನೀರು ಬಿಟ್ಟಿದ್ದೇನೆ. ನಿಮಗೆ ಬುದ್ಧಿ ಎಂಬುದೇನಾದರೂ ಉಳಿದಿದ್ದರೆ ದೈತ್ಯನನ್ನು ಮರಳಿ ಬೆಟ್ಟಕ್ಕೆ ಒಯ್ಯಿರಿ. ಗೇಮು ಮುಗಿಯುವ ತನಕ ಒಂದೇ ಒಂದು ಸಭೆ ಮಾಡಬೇಡಿ. ಕೊನೆಯದಾಗಿ, ನಾನು ಮಾಡಿದ ಶಬ್ದಗಳನ್ನು ಏನು ಬೇಕಾದರೂ ಮಾಡಿಕೊಳ್ಳಿ, ಆದರೆ ಇಂಥ ಅವ್ಯವಸ್ಥೆಯ ಜೊತೆ ನನ್ನ ಹೆಸರು ಎಲ್ಲಿಯೂ ಬರಕೂಡದು!'"

"ಆ ಕೊನೇದು ಒಂದು ತೆಗೆದುಬಿಡೆ. ಹೆಸರಿಗೋಸ್ಕರ ತಾನೆ ನೀನು ಸೇರಿದ್ದು?" ಎಂದರು ಇವರು.

"ನಿಮಗೇನ್ರೀ ಗೊತ್ತಾಗುತ್ತೆ? ಅದೇ ಪೆಟ್ಟು. ಅದನ್ನ ಓದಿದ ತಕ್ಷಣ ಕಾಲಿಗೆ ಬೀಳ್ತಾರೆ ನೋಡ್ತಿರಿ. ಹೆಸರು ದೊಡ್ಡದಾಗಿ ಹಾಕ್ತೀವಿ, ವಾಪಸ್ ಬನ್ನಿ ಅಂತ ಗೋಗರೀತಾರೆ."

"ಫೋನಲ್ಲಿ ಕಾಲಿಗೆ ಹೇಗೆ ಬೀಳ್ತಾರೆ?" ಎಂದರು ಅತ್ತೆ. ಅವರಿಗೆ ಕೆಲವು ವಿಷಯಗಳಲ್ಲಿ ನಿಜವಾದ ಕುತೂಹಲ.

ಕಳಿಸಿದೆ. ಕಳಿಸಿ, ಗೋಗರೆಯುವವರಿಗೆ ಏನು ಹೇಳಬೇಕು ಎಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಮೊದಲು ಬಿಗಿಯಾಗಿ "ಸಾಧ್ಯವೇ ಇಲ್ಲ", ಆಮೇಲೆ ಸ್ವಲ್ಪ ಸಡಿಲಿಸಿ "ಯೋಚಿಸುತ್ತೇನೆ". ಅಷ್ಟರಲ್ಲಿ ಫೋನು ಟಿಣ್ ಎಂದಿತು. ದಂಡನಾಯಕನ ಉತ್ತರ! ತೆರೆದು ನೋಡಿದರೆ ಒಂದು ಹೆಬ್ಬೆಟ್ಟು. ಮೇಲೆತ್ತಿದ, ಹಳದಿ ಬಣ್ಣದ, ದುಂಡನೆಯ ಹೆಬ್ಬೆಟ್ಟಿನ ಚಿತ್ರ, ಅಷ್ಟೇ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮನದೊಂದು ಹೆಬ್ಬೆಟ್ಟು. ಆಮೇಲೆ, ನಂಬಿದರೆ ನಂಬಿ, ಮೌನಿಬಾಬಾನದೂ ಒಂದು. ತಂಡ ಕಟ್ಟಿದಂದಿನಿಂದ ಅವನು ವ್ಯಕ್ತಪಡಿಸಿದ ಮೊದಲ ಅಭಿಪ್ರಾಯ ಅದು. ನನಗೆ ಅಳುವೇ ಬಂತು.

ಕೆಲವು ದಿನಗಳಾದ ಮೇಲೆ ದಂಡನಾಯಕ ಫೋನು ಮಾಡಿದ. "ಬಂದ ನೋಡಿ ದಾರಿಗೆ! ನಾನು ಮನೇಲಿಲ್ಲ ಅಂತ ಹೇಳ್ರೀ. ಸ್ವಲ್ಪ ಸತಾಯಿಸೋಣ" ಎಂದು ಫೋನನ್ನು ಇವರ ಕೈಗೆ ತುರುಕಿದೆ. ಇವರು ಬಾಲ್ಕನಿಗೆ ಹೋಗಿ ಬಹಳ ಹೊತ್ತು ಮಾತಾಡಿದರು. ನಡುನಡುವೆ ನಗು ಬೇರೆ.

"ಏನಂತೆ? ಅತ್ತನಾ?"

"ಇಲ್ಲಪ್ಪ, ಖುಷಿಯಾಗೇ ಇದ್ದ. ದೈತ್ಯ ಮಲಗಿದಾಗ ಉಸಿರಾಡೋ ಸದ್ದು ಒಂದು ಬಾಕಿ ಇದೆಯಂತೆ. ಅವಳು ಮಾಡಲ್ಲ ಅಂದೆ. ಸರಿ, ನೀವು ಗೊರಕೆ ಹೊಡೀತೀರಾ ಸಾರ್ ಅಂದ."

"ನೀವೇನಂದ್ರಿ?"

"ಅಷ್ಟು ನೇರವಾಗಿ ಕೇಳಿದ್ರೆ ಸುಳ್ಳು ಹೇಳೋದು ಹೇಗೆ?"

"ರೀ, ನಾನು ಬಿಟ್ಟುಬಂದ ಕಡೆ ನೀವು ಹೋಗಿ ಸೇರ್ತೀರಾ?"

"ಎಲ್ಲಿ ಸೇರ್ದೆ? ನಾನೇನೂ ಮಾಡ್ಬೇಕಾಗಿಲ್ಲ ಕಣೆ. ಮಲಗಿದ್ರೆ ಸಾಕಂತೆ."

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ದಿಂಬಿನ ಪಕ್ಕದಲ್ಲಿ ಫೋನಿಟ್ಟುಕೊಂಡು ಇವರು ಕರ್ತವ್ಯಕ್ಕೆ ಹಾಜರಾದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ಕಾವಲು ಕೂತರು. ನಾನು ಒಂದು ಲೋಟ ಕೆಳಗಿಟ್ಟದ್ದಕ್ಕೆ "ಶ್! ರೆಕಾರ್ಡಿಂಗ್!" ಎಂದು ಗದರಿಸಿದರು. ನನ್ನ ಮನೆಯಲ್ಲೇ, ನನಗೇ!

ತಿಂಗಳು ಕಳೆಯುವುದರೊಳಗೆ ಗೇಮು ಮುಗಿದು ಹೊರಗೆ ಬಂತು. ಹೌದು, ಮುಗಿಯಿತು! ಇವರು ಅದನ್ನು ದೊಡ್ಡ ಟಿವಿಗೆ ಜೋಡಿಸಿದರು. ನಾನು ನೋಡುವುದೇ ಇಲ್ಲ ಎಂದು ಅಡುಗೆಮನೆಯಲ್ಲಿ ಬಿಗಿದುಕೊಂಡು ನಿಂತಿದ್ದೆ. ಅಷ್ಟರಲ್ಲಿ ನಡುಮನೆಯಿಂದ ಗುಡುಗಿತು. ನನ್ನ ಗುಡುಗು! ಕೈಯಲ್ಲಿದ್ದ ಚಾಕುವನ್ನು ಹಾಗೇ ಬಿಟ್ಟು ಓಡಿದೆ. ದೈತ್ಯ ಬೆಟ್ಟದ ಮೇಲೆ, ನಾನು ಹೇಳಿದ ಜಾಗದಲ್ಲೇ ಮಲಗಿದ್ದ. ನನ್ನ ಕುದುರೆ ಓಡುತ್ತಿತ್ತು, ನನ್ನ ಬಾಗಿಲು ಕಿರ್ರೆನ್ನುತ್ತಿತ್ತು. ಆಡುತ್ತಿದ್ದವರು ಅತ್ತೆ; ಗುಂಡಿ ಒತ್ತಿ ಒತ್ತಿ ಕಳ್ಳನನ್ನು ತುದಿಗಾಲಲ್ಲಿ ಬೆಟ್ಟ ಹತ್ತಿಸುತ್ತಾ "ಏಳ್ತಾನೆ ಕಣೋ, ಏಳ್ತಾನೆ!" ಎಂದು ಕಿರುಚುತ್ತಿದ್ದರು. ನಾನು ಕಣ್ಣೊರೆಸಿಕೊಂಡೆ. ಇಷ್ಟು ಸೊಗಸಾದದ್ದನ್ನು ನಾನೇ ಮಾಡಿದೆನೇ ಎಂದು ನನಗೇ ಆಶ್ಚರ್ಯವಾಯಿತು.

ಅತ್ತೆ ಬೀಗದ ಕೈ ಕದ್ದರು. ಸಂಗೀತ ಶುರುವಾಗಿ ಹೆಸರುಗಳು ಏರತೊಡಗಿದವು. ದಂಡನಾಯಕನದು, ಡಾಕ್ಟರಮ್ಮನದು, ಮೌನಿಬಾಬಾನದು. ಆಮೇಲೆ "ಕತ್ತಿ, ಕುದುರೆ, ಗುಡುಗು ಹಾಗೂ ಸಮಸ್ತ ಶಬ್ದಗಳು" ಎಂದು ದಪ್ಪ ಅಕ್ಷರದಲ್ಲಿ ಬಂತು. ನಾನು ಟಿವಿಯ ಹತ್ತಿರಕ್ಕೆ ಸರಿದೆ. ಅದರ ಕೆಳಗೆ, ಇನಿಷಿಯಲ್ ಸಮೇತ ಇವರ ಹೆಸರು!

"ಅಯ್ಯೋ, ನಂದು!" ಎಂದರು ಇವರು, ಚಪ್ಪಾಳೆ ತಟ್ಟಿ. ನನ್ನ ಮುಖ ನೋಡಿ ಕೈಯನ್ನು ನಿಧಾನವಾಗಿ ಮಡಿಲಲ್ಲಿ ಇಟ್ಟುಕೊಂಡರು.

ಅಲ್ಲೇ ಫೋನು ಮಾಡಿ ದಂಡನಾಯಕನಿಗೆ ಸರಿಯಾಗಿ ಮಂಗಳಾರತಿ ಎತ್ತಿದೆ. ಅವನು ಅಷ್ಟೂ ಕೇಳಿಸಿಕೊಂಡು ವಿನಯದಿಂದ ಹೇಳಿದ: "ನೀವೇ ಬರೆದಿದ್ರಲ್ಲ ಮೇಡಂ, ಹೆಸರು ಎಲ್ಲೂ ಬರಕೂಡದು ಅಂತ? ಅವತ್ತು ಸಂಜೇನೇ ತೆಗೆದ್ವಿ. ನಮ್ಮ ಹಲಗೇಲಿ 'ಮುಗಿಯಿತು' ಅಂತ ಬಿದ್ದ ಮೊದಲನೇ ಕೆಲಸ ಅದು! ಒಂದು ಮುಗೀತಲ್ಲ ಅಂತ ಎಲ್ಲರಿಗೂ ಎಂಥ ಹುರುಪು ಬಂತು ಗೊತ್ತಾ? ಅದೇ ಹುರುಪಲ್ಲಿ ನಿಮ್ಮ ಪತ್ರದಲ್ಲಿದ್ದ ಮಿಕ್ಕಿದ್ದನ್ನೂ ಮಾಡಿ ಬಿಸಾಕಿದ್ವಿ. ಆ ಜಾಗ ಖಾಲಿ ಬಿಟ್ರೆ ಕಂಪ್ಯೂಟರ್ ಒಪ್ಪಲ್ಲ, ಹೇಗಿದ್ರೂ ಸಾರ್ ಇದ್ರಲ್ಲ ಅಂತ..."

ಅಂದಿನಿಂದ ಬೀದಿಯಲ್ಲಿ ಇವರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಪಕ್ಕದ ಮನೆಯ ಟೀಚರು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ "ಆ ಗುಡುಗು ಹೇಗೆ ಮಾಡಿದ್ರಿ ಸಾರ್?" ಎಂದು ಕೇಳಿದರು. "ಅದಕ್ಕೆ ಬಹಳ ಏಕಾಗ್ರತೆ ಬೇಕು ಮೇಡಂ" ಎಂದು ಇವರು ಗಂಟಲು ಸರಿಪಡಿಸಿಕೊಂಡು, ಬಾಗಿಲೊಳಕ್ಕೆ ತಲೆ ಹಾಕಿ, "ಲೇ, ಗುಡುಗು ಯಾವುದ್ರಲ್ಲೇ ಮಾಡಿದ್ದು?" ಎಂದು ಪಿಸುಗುಟ್ಟಿದರು. ನಾನು ಬಾಗಿಲು ಹಾಕಿಕೊಂಡೆ. (ಆಮೇಲೆ ಮನಸ್ಸು ತಡೆಯದೆ ತೆರೆದು, ತಗಡಿನಲ್ಲಿ ಎಂದು ಹೇಳಿದೆ.)

ಹೋದ ವಾರ ಎರಡನೆಯ ಗೇಮಿನ ಸುದ್ದಿ ಬಂತು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಮಾನ ಮರ್ಯಾದೆಯನ್ನು ಗಂಟುಕಟ್ಟಿ ಅಟ್ಟಕ್ಕೆಸೆದು, ಮತ್ತೆ ಸೇರಿಕೊಳ್ಳುತ್ತೇನೆಂದು ಅರ್ಜಿ ಬರೆದೆ. ಹೆಸರು ಕಡ್ಡಾಯವಾಗಿ ಬರತಕ್ಕದ್ದು ಎಂದು ಕೊನೆಯಲ್ಲಿ ಸೇರಿಸಿದೆ. ತಕ್ಷಣ ಉತ್ತರ ಬಂತು. ಈಗ ಅಲ್ಲಿ ಬಹಳ ಶಿಸ್ತಂತೆ. "ಬಹಳ ಸಂತೋಷ ಮೇಡಂ. ನಿಮ್ಮ ಅರ್ಜಿಯನ್ನು ಶಬ್ದ ವಿಭಾಗದ ಮುಖ್ಯಸ್ಥರಿಗೆ ಕಳಿಸಲಾಗಿದೆ. ಅವರು ಒಪ್ಪಿದರೆ ನಮ್ಮ ಅಭ್ಯಂತರವಿಲ್ಲ."

ಮುಖ್ಯಸ್ಥರು ಎದುರಿಗೇ ಕೂತು ಪೇಪರ್ ಓದುತ್ತಿದ್ದರು. ಅವರ ಫೋನು ಟಿಣ್ ಎಂದಿತು. ಪೇಪರ್ ಮಡಿಸಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ನನ್ನ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ನಾನು ಸೆರಗಿನ ತುದಿ ಹಿಡಿದು ಎದುರಿಗೆ ನಿಂತಿದ್ದೆ. ಅತ್ತೆ ಕೂಡ ಟಿವಿ ಸದ್ದು ಕಡಿಮೆ ಮಾಡಿದರು. ಇವರು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ ಕೇಳಿದರು:

"ಅನುಭವ ಏನಾದ್ರೂ ಇದೆಯಾ?"