ಗಲ್ಲಾದ ಮೇಲಿನ ಚಿತ್ರ

ಅರ್ಥವಾಗದಿದ್ದರೂ ತಲೆಯಾಡಿಸುವುದು ನನಗೆ ಹುಟ್ಟುಗುಣವಲ್ಲ, ಹೋಟೆಲು ಇಟ್ಟ ಮೇಲೆ ಬಂದದ್ದು. ಠಾಣೆ ಪಟ್ಟಣದ ಕೋಪರಿ ಬಡಾವಣೆಯಲ್ಲಿ ಗಲ್ಲಾದಲ್ಲಿ ಕೂತವನು ಸಾಂಬಾರು ಸಿಹಿ ಎಂದವನಿಗೂ ಹೌದೆನ್ನಬೇಕು, ಖಾರ ಎಂದವನಿಗೂ ಹೌದೆನ್ನಬೇಕು. ಈ ವಿದ್ಯೆ ಕೈಕೊಟ್ಟದ್ದು ಮಗಳ ಚಿತ್ರದ ಎದುರು ಮಾತ್ರ.

ಮಗಳು ಶ್ರಾವ್ಯಾ ಖಾರಘರದ ಹಾಸ್ಟೆಲಿನಲ್ಲಿದ್ದು ಚಿತ್ರಕಲೆ ಕಲಿಯುತ್ತಾಳೆ. ಅಲ್ಲಿಗೆ ಹೋದ ಮೇಲೆ ಅವಳ ಫೋನೆಲ್ಲ ಅಮ್ಮನಿಗೇ. ನನ್ನ ಪಾಲಿಗೆ 'ಪಪ್ಪಾ ಠೀಕ್ ಹೈ ನಾ?' ಎಂಬ ಒಂದೇ ಪ್ರಶ್ನೆ, ಅದೂ ಹೆಂಡತಿಯ ಬಾಯಿಂದ. ನನಗಿದು ಒಳಗೊಳಗೇ ಕೊರೆಯುತ್ತಿತ್ತು. ಹಾಗಿರುವಾಗ ಒಂದು ಭಾನುವಾರ ಅವಳೇ ಲೋಕಲ್ ರೈಲಿನ ಜನಜಂಗುಳಿಯ ಮೊಣಕೈಗಳಿಂದ ಕಾಪಾಡಿಕೊಂಡು ಒಂದು ಚಿತ್ರ ತಂದಳು. ತುಂಬ ನೀಲಿ, ನಡುವೆ ಓರೆಕೋರೆ ಕಪ್ಪು ಗೀಟುಗಳು, ಕೆಳಮೂಲೆಯಲ್ಲೊಂದು ಕಿತ್ತಳೆ ಬಣ್ಣದ ಉಂಡೆ.

"ಇದೆಂತ ಮಗಾ?" ಎಂದೆ.

"ವೋ ತೋ ಆಪ್ ಬತಾವೋ ಪಪ್ಪಾ. ನೆಕ್ಸ್ಟ್ ಸಂಡೇ ಆವೂಂಗೀ, ತಬ್ ಬೋಲನಾ."

ಕನ್ನಡ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ: ಅದನ್ನು ನಾನೇ ಹೇಳಬೇಕಂತೆ, ಮುಂದಿನ ಭಾನುವಾರ ಅವಳು ಬಂದಾಗ. ಅವಳು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಪೆದ್ದುಪೆದ್ದಾಗಿ ಏನಾದರೂ ಹೇಳಿದರೆ ಅದೇ ಕೊನೆಯದೂ ಆದೀತೆಂದು ನನಗೆ ದಿಗಿಲು.

ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ಗಲ್ಲಾದ ಮೇಲೆ ಕೃಷ್ಣ, ಲಕ್ಷ್ಮಿ ಮತ್ತು ತೀರಿಹೋದ ನನ್ನ ಅಪ್ಪಯ್ಯನ ಪಟದ ಸಾಲಿನಲ್ಲೇ ತೂಗುಹಾಕಿದೆ. ಬಂದವರನ್ನೆಲ್ಲ ಕೇಳಿದೆ. ರೈಲ್ವೆಯಿಂದ ನಿವೃತ್ತರಾದ ನಿತ್ಯದ ಗಿರಾಕಿ ಜೋಶಿ ಕಾಕಾ, "ಅಣ್ಣಾ, ಹಾ ತರ್ ಕಲ್ಯಾಣ್ ಯಾರ್ಡ್!" ಎಂದರು ಮರಾಠಿಯಲ್ಲಿ. ಇದು ರೈಲು ನಿಲ್ಲಿಸುವ ಯಾರ್ಡಂತೆ, ಗೀಟೆಲ್ಲ ಹಳಿಗಳಂತೆ, ಉಂಡೆ ಸಿಗ್ನಲ್ಲಂತೆ. ಅಡುಗೆಯ ವಾಸುವಿಗೆ ಅದು ಎಣ್ಣೆಗೆ ಬಿಟ್ಟ ಬೋಂಡ. ಹೆಂಡತಿಯಂತೂ, ಹಾಸ್ಟೆಲಿನಲ್ಲಿ ಹುಡುಗಿಗೆ ಹೊಟ್ಟೆಗೆ ಸಾಲುತ್ತಿಲ್ಲ, ಉಂಡೆ ಒಂದೇ ಇದೆ ನೋಡಿ ಎಂದು ತುಳುವಿನಲ್ಲಿ ತೀರ್ಪು ಕೊಟ್ಟಳು. ಕೊನೆಗೆ ನಾನೇ, ನೀಲಿ ಎಂದರೆ ಶಾಂತಿ, ಕಪ್ಪು ಎಂದರೆ ಸಂಘರ್ಷ, ಕಿತ್ತಳೆ ಎಂದರೆ ಭರವಸೆ ಎಂದು ಒಂದು ಭಾಷಣ ಉರುಹೊಡೆದೆ.

ಭಾನುವಾರ ಬಂತು. ಬೆಳಿಗ್ಗೆ ಪಟಗಳಿಗೆ ಗಂಧ ಹಚ್ಚಿ, ಹೂಮಾಲೆ ಹಾಕಿ, ಊದಿನಕಡ್ಡಿ ಬೆಳಗಿದ ಮೇಲೆಯೇ ಗಲ್ಲಾ ತೆರೆಯುವುದು ನಮ್ಮ ಕ್ರಮ. ಅಂದು ಭಾಷಣದ ಗುಂಗಿನಲ್ಲಿದ್ದ ನನಗೆ ಕೈ ಎಲ್ಲಿಯವರೆಗೆ ಹೋಯಿತೆಂಬ ಪರಿವೆಯೇ ಇರಲಿಲ್ಲ. ಬಿಲ್ಲು ಕೊಡಲು ಬಂದವರೊಬ್ಬರು ದನಿ ತಗ್ಗಿಸಿ, "ಅಣ್ಣಾ, ಕೋಣ್ ಗೇಲಂ?" ಎಂದು ಕೇಳಿದರು. ಯಾರು ತೀರಿಕೊಂಡರೆಂದು ನಾನೂ ಗಾಬರಿಯಿಂದ ತಿರುಗಿ ನೋಡಿದರೆ, ಮಗಳ ಚಿತ್ರಕ್ಕೆ ಗೊಂಡೆಹೂವಿನ ಮಾಲೆ! ಗಾಜಿನ ನಟ್ಟನಡುವೆ ಗಂಧದ ಬೊಟ್ಟು! ಅದೇ ಹೊತ್ತಿಗೆ ಬಾಗಿಲಲ್ಲಿ ಶ್ರಾವ್ಯಾ.

"ಪಪ್ಪಾ, ಯೇ ಕ್ಯಾ ಕಿಯಾ?"

ಭಾಷಣ ಹಾರಿಹೋಯಿತು. "ಕೈ ಅಭ್ಯಾಸ ಮಗಾ. ಚಿತ್ರ ನಂಗೆ ಎಂತದೂ ಅರ್ಥ ಆಗ್ಲಿಲ್ಲ. ಆದ್ರೆ ದಿನಾ ನೋಡ್ತೇನೆ. ನೋಡಿದ್ರೆ ನೀ ಇಲ್ಲೇ ಇದ್ದ ಹಾಗೆ ಆಗ್ತದೆ," ಎಂದೆ.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾಲೆ ತೆಗೆಯಹೋದರೆ "ರಹನೇ ದೋ" ಎಂದು ಕೈ ಹಿಡಿದು, ಅದು ಅಲ್ಲೇ ಇರಲೆಂದಳು. ನನಗೆ ಆದ ಸಂತೋಷ ಹೇಳತೀರದು.

ಅಂದಿನಿಂದ ಸಂಜೆಯ ಫೋನು ನನಗೇ ಬರುತ್ತದೆ. "ಇವತ್ತು ಎಂತ ಕಾಣ್ತು ಪಪ್ಪಾ?" ಎಂದು ತೊದಲು ಕನ್ನಡದಲ್ಲೇ ಕೇಳುತ್ತಾಳೆ. ನಾನು ಒಂದು ದಿನ ಯಾರ್ಡ್ ಎನ್ನುತ್ತೇನೆ, ಇನ್ನೊಂದು ದಿನ ಗಾಳಿಪಟ. ಅವಳು ನಗುತ್ತಾಳೆ, ಆಮೇಲೆ ಊರಮೇಲಿನ ಸುದ್ದಿಯೆಲ್ಲ ಬರುತ್ತದೆ.

ಮೊನ್ನೆ ಮಳೆ ನಿಂತ ಸಂಜೆ ಗಲ್ಲಾದಿಂದ ಸುಮ್ಮನೆ ಹೊರಗೆ ನೋಡಿದೆ. ಬಾಗಿಲ ಮುಂದೆ ಇಳಿಬಿಟ್ಟ ನೀಲಿ ಪ್ಲಾಸ್ಟಿಕ್ ಪರದೆ, ಅದರಾಚೆ ಓರೆಕೋರೆ ತಂತಿಗಳು, ಕೆಳಗೆ ನೀರಗುಂಡಿಯಲ್ಲಿ ಬೀದಿದೀಪದ ಕಿತ್ತಳೆ ಉಂಡೆ. ಸಣ್ಣವಳಿದ್ದಾಗ ಶ್ರಾವ್ಯಾ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಹೋಮ್‌ವರ್ಕ್ ಬಿಟ್ಟು ನೋಡುತ್ತಿದ್ದದ್ದು ಇದನ್ನೇ. ತಿರುಗಿ ಗಲ್ಲಾದ ಮೇಲಿನ ಚಿತ್ರವನ್ನೊಮ್ಮೆ ನೋಡಿದೆ.

ಅಷ್ಟರಲ್ಲಿ ಫೋನು ಬಂತು. ಅರ್ಥವಾಯಿತು ಎಂದುಬಿಟ್ಟರೆ ನಾಳೆ ಅವಳು ಕೇಳುವುದಾದರೂ ಏನನ್ನು?

"ಬೋಂಡ," ಎಂದೆ.